ಸೆಕೆಂಡ್ ಹ್ಯಾಂಡ್ ಕಾರಿನ ಹಿಸ್ಟರಿ ರಿಪೋರ್ಟ್: ಕೊಟ್ಟ ದುಡ್ಡಿಗೆ ಸಿಗುವುದೆಷ್ಟು?

ಚಾಸಿ ನಂಬರ್ ಕೊಟ್ಟರೆ ಸಾಕು, ಕಾರಿನ ಪೂರ್ವಾಪರವನ್ನೆಲ್ಲ ಹೇಳುತ್ತೇವೆ ಎನ್ನುವ ಆನ್‌ಲೈನ್ ಸೇವೆಗಳಿಗೆ ಈಗ ಬರವಿಲ್ಲ. ನಂಬರ್ ತುಂಬಿ ದುಡ್ಡು ಕಟ್ಟಿದ ಸ್ವಲ್ಪ ಹೊತ್ತಿಗೆ ಪಿಡಿಎಫ್ ಕೈಗೆ ಬರುತ್ತದೆ. ಮೊದಲ ಪುಟದಲ್ಲೇ ಹಸಿರು ಟಿಕ್‌ಗಳ ಸಾಲು: ಕಳವು ಇಲ್ಲ, ಸಾಲ ಇಲ್ಲ, ಅಪಘಾತ ಇಲ್ಲ. ಅಷ್ಟನ್ನೇ ನೋಡಿ ಅಡ್ವಾನ್ಸ್ ಕೊಟ್ಟುಬಿಡುವವರು ಬೇಕಾದಷ್ಟು ಮಂದಿ. ಈ ಬಗೆಯ ರಿಪೋರ್ಟಿಗೆ ನಾವು ಕೊಡುವುದು ಹತ್ತಕ್ಕೆ ಆರು ಅಂಕ. ಉಳಿದ ನಾಲ್ಕನ್ನು ಒಂದು ಸ್ಕ್ಯಾನರ್, ಒಂದು ಪೇಂಟ್ ಮೀಟರ್, ಒಂದು ಟಾರ್ಚ್ ಇಟ್ಟುಕೊಂಡು ಹೆಚ್ಚುಕಮ್ಮಿ ತುಂಬಿಕೊಳ್ಳಬಹುದು. ಹಾಗಾಗಿ ಅವನ್ನೂ ಜೊತೆಗೇ ತೂಗಿ ನೋಡಿದ್ದೇವೆ.

ರಿಪೋರ್ಟ್ ಮಾರುವವರು ಯಾರೂ ನೀವು ಕೊಳ್ಳುವ ಕಾರನ್ನು ಕಣ್ಣಿಂದ ನೋಡಿರುವುದಿಲ್ಲ. ನೋಂದಣಿ ಕಚೇರಿ, ವಿಮಾ ಕಂಪನಿ, ಫಿಟ್‌ನೆಸ್ ತಪಾಸಣಾ ಕೇಂದ್ರ, ಅಧಿಕೃತ ಸರ್ವಿಸ್ ಸೆಂಟರ್, ಹರಾಜು ಸಂಸ್ಥೆ ಇವರೆಲ್ಲ ಕಳಿಸಿದ ದಾಖಲೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಕೊಡುವುದಷ್ಟೇ ಅವರ ಕೆಲಸ. ‘ಅಪಘಾತ ಕಂಡುಬಂದಿಲ್ಲ’ ಎಂದಿದ್ದರೆ ಯಾರೂ ಬರೆಸಿಲ್ಲ ಎಂದು ಓದಿಕೊಳ್ಳಬೇಕು. ವಿಮೆ ಕ್ಲೇಮ್ ಮಾಡದೆ, ಕೈಯಿಂದಲೇ ದುಡ್ಡು ಹಾಕಿ ಹೊರಗಿನ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಿದ ಕಾರಿನ ರಿಪೋರ್ಟು ಎಷ್ಟು ಚೊಕ್ಕಟವಾಗಿರುತ್ತದೋ, ಗೀರೂ ಬೀಳದ ಕಾರಿನದೂ ಅಷ್ಟೇ ಚೊಕ್ಕಟವಾಗಿರುತ್ತದೆ.

ಯಾವ ದೇಶದ ಕಾರು ಎಂಬುದರ ಮೇಲೂ ರಿಪೋರ್ಟಿನ ಬೆಲೆ ನಿಂತಿದೆ. ಬ್ರಿಟನ್ನಿನಲ್ಲಿ ಎಂಒಟಿ ಎಂಬ ವಾರ್ಷಿಕ ಫಿಟ್‌ನೆಸ್ ತಪಾಸಣೆಯ ದಾಖಲೆ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 2005ರಿಂದ ಈಚೆಗೆ ಪ್ರತಿ ತಪಾಸಣೆಯ ದಿನ ಮೀಟರ್ ಎಷ್ಟಿತ್ತು, ಯಾವುದರಲ್ಲಿ ಫೇಲ್ ಆಯಿತು ಎಲ್ಲವೂ ಅಲ್ಲಿರುತ್ತದೆ. ಅಮೆರಿಕದ ಎನ್‌ಎಂವಿಟಿಐಎಸ್ ಎಂಬ ರಾಷ್ಟ್ರೀಯ ವಾಹನ ದಾಖಲೆ ವ್ಯವಸ್ಥೆಗೆ ವಿಮಾ ಕಂಪನಿಗಳೂ ಗುಜರಿಯವರೂ ವರದಿ ಮಾಡಲೇಬೇಕು. ಆದ್ದರಿಂದ ಟೋಟಲ್ ಲಾಸ್, ಅಂದರೆ ರಿಪೇರಿಗೆ ತಕ್ಕುದಲ್ಲ ಎಂದು ವಿಮಾ ಕಂಪನಿ ಕೈಬಿಟ್ಟ ಗಾಡಿ ಹಿಡಿಯಲು ಅದು ಒಳ್ಳೆಯದು, ರಿಪೇರಿ ಚರಿತ್ರೆ ಮಾತ್ರ ಅದರಲ್ಲಿಲ್ಲ. ಭಾರತದ ‘ವಾಹನ್’ ಎಂಬ ಸರ್ಕಾರಿ ನೋಂದಣಿ ದತ್ತಾಂಶದಲ್ಲಿ ಎಷ್ಟನೇ ಮಾಲೀಕರು, ಸಾಲ ಇದೆಯೇ, ವಿಮೆ ಮತ್ತು ಫಿಟ್‌ನೆಸ್ ಯಾವಾಗ ಮುಗಿಯುತ್ತದೆ ಎಂಬುದು ಸಿಗುತ್ತದೆ. ಅಪಘಾತಕ್ಕೂ ಕಿಲೋಮೀಟರಿಗೂ ಅಲ್ಲಿ ಜಾಗವಿಲ್ಲ. ಜಪಾನಿನಿಂದ ಬಂದ ಕಾರಾದರೆ ಅಲ್ಲಿನ ಹರಾಜಿನಲ್ಲಿ ಗಾಡಿ ಪರೀಕ್ಷಿಸಿ ಬರೆದ ಹಾಳೆ ಕೇಳಿ. ಗ್ರೇಡ್ ಜಾಗದಲ್ಲಿ ‘ಆರ್’ ಅಥವಾ ‘ಆರ್‌ಎ’ ಎಂದಿದ್ದರೆ ಅಪಘಾತವಾಗಿ ರಿಪೇರಿಯಾದ ಗಾಡಿ. ಕಾರಿನ ಚಿತ್ರದ ಮೇಲೆ ‘ಎಕ್ಸ್‌ಎಕ್ಸ್’ ಎಂದಿರುವ ಕಡೆ ಆ ಭಾಗವನ್ನೇ ಬದಲಿಸಿದ್ದಾರೆ.

ದುಡ್ಡು ಕಟ್ಟುವ ಮುಂಚೆ ಚಾಸಿ ನಂಬರ್

ಮಾರುವವರು ವಾಟ್ಸಾಪಿನಲ್ಲಿ ಕಳಿಸಿದ ನಂಬರ್ ಹಾಕಿ ರಿಪೋರ್ಟ್ ತೆಗೆಸಿದರೆ ಆ ನಂಬರಿನ ಚರಿತ್ರೆ ಸಿಕ್ಕೀತು, ಎದುರಿಗೆ ನಿಂತಿರುವ ಕಾರಿನದು ಸಿಕ್ಕಿತೆಂಬ ಖಾತ್ರಿಯಿಲ್ಲ. ಕದ್ದ ಗಾಡಿಗೆ ಅದೇ ಮಾಡೆಲ್, ಅದೇ ಬಣ್ಣದ ಇನ್ನೊಂದು ಗಾಡಿಯ ನಂಬರ್ ಹಾಕಿ ಮಾರುವ ದಂಧೆ ನಡೆಯುವುದೇ ಇದರ ಮೇಲೆ. ರಿಪೋರ್ಟಿನಲ್ಲಿ ಒಂದು ಕಲೆಯೂ ಇರುವುದಿಲ್ಲ, ಯಾಕೆಂದರೆ ಅದು ಬೇರೆಯವರ ಸಾಚಾ ಕಾರಿನ ರಿಪೋರ್ಟು.

ನಂಬರನ್ನು ನೀವೇ ಗಾಡಿಯ ಮೇಲಿಂದ ಓದಿಕೊಳ್ಳಿ. ಅದು 17 ಅಕ್ಷರ–ಅಂಕಿಗಳದ್ದು, ಸ್ವರೂಪ ಐಎಸ್‌ಒ 3779 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಒಂದು, ಸೊನ್ನೆ ಜೊತೆ ಗೊಂದಲವಾಗಬಾರದೆಂದು ಬಿಟ್ಟಿದ್ದಾರೆ. ದಾಖಲೆಯಲ್ಲಿ ಇವುಗಳಲ್ಲಿ ಒಂದು ಕಂಡರೂ ಅದು ಟೈಪಿಂಗ್ ತಪ್ಪು, ಇಲ್ಲವೇ ಕೈಚಳಕ. ಮೊದಲ ಮೂರು ತಯಾರಕರ ಗುರುತು. ಹತ್ತನೆಯದು ಅನೇಕ ಕಂಪನಿಗಳಲ್ಲಿ ಮಾಡೆಲ್ ವರ್ಷ: ‘ಎಚ್’ ಇದ್ದರೆ 2017, ‘ಜೆ’ 2018, ‘ಎಲ್’ 2020, ‘ಎನ್’ 2022, ‘ಪಿ’ 2023. ಉತ್ತರ ಅಮೆರಿಕದ ಮಾರುಕಟ್ಟೆಯ ಕಾರುಗಳಲ್ಲಿ ಇದು ಕಡ್ಡಾಯ, ಉಳಿದ ಕಡೆ ಕಂಪನಿಯಿಂದ ಕಂಪನಿಗೆ ಬೇರೆ. ಒಂಬತ್ತನೆಯ ಚೆಕ್ ಅಂಕಿಯ ಕತೆಯೂ ಅಷ್ಟೇ. ಯೂರೋಪಿನ ಎಷ್ಟೋ ಕಾರುಗಳಲ್ಲಿ ಆ ಜಾಗಕ್ಕೆ ‘ಝಡ್’ ತುಂಬಿರುತ್ತಾರೆ. ಆನ್‌ಲೈನ್ ಡಿಕೋಡರ್ ‘ತಪ್ಪು ನಂಬರ್’ ಎಂದಿತೆಂದು ಅಂಥ ಕಾರನ್ನು ಬಿಟ್ಟು ಬರಬೇಕಿಲ್ಲ.

ಓದಬೇಕಾದ ಜಾಗ ನಾಲ್ಕು: ಮುಂದಿನ ಗಾಜಿನ ಕೆಳಮೂಲೆ, ಬಾಗಿಲ ಕಂಬದ ಸ್ಟಿಕ್ಕರ್, ಬಾಡಿಯ ಲೋಹದ ಮೇಲೆ ಕೊರೆದದ್ದು, ಕಡೆಯದಾಗಿ ಇಂಜಿನ್ ಕಂಪ್ಯೂಟರ್‌ನ ಒಳಗಿನದು. ಕೊರೆದ ನಂಬರು ಮಾಡೆಲ್ ಪ್ರಕಾರ ಸೀಟಿನ ಕೆಳಗೋ ಇಂಜಿನ್ ಹಿಂದಿನ ಗೋಡೆಯ ಮೇಲೋ ಇರುತ್ತದೆ. ಅಲ್ಲಿ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ಎದುರಿನಿಂದ ಬೆಳಕು ಬಿಟ್ಟರೆ ಕಾಣದ ಗ್ರೈಂಡರ್ ಗೆರೆಗಳು ಪಕ್ಕದಿಂದ ಬಿಟ್ಟಾಗ ಎದ್ದು ಕಾಣುತ್ತವೆ. ಅಕ್ಷರಗಳ ನಡುವಿನ ಅಂತರ ಏರುಪೇರಾಗಿರುವುದು, ಆ ತುಂಡಿನ ಸುತ್ತ ಚೌಕಾಕಾರದ ವೆಲ್ಡಿಂಗ್ ಗೆರೆ, ಅಲ್ಲಿ ಮಾತ್ರ ಹೊಸ ಬಣ್ಣ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಮುಂದೆ ಮಾತು ಬೇಡ, ಎದ್ದು ಬನ್ನಿ.

ರಿಪೋರ್ಟ್ ಓದುವ ಬಗೆ

ಟಿಕ್‌ಗಳ ಪುಟ ಹಾರಿಸಿ ದಿನಾಂಕ–ಕಿಲೋಮೀಟರ್ ಪಟ್ಟಿಗೆ ಹೋಗಿ. ರಿಪೋರ್ಟಿನಲ್ಲಿ ನಿಜವಾಗಿ ದುಡ್ಡು ಕೊಡಬೇಕಾದದ್ದು ಇದೊಂದಕ್ಕೇ. ವರ್ಷದಿಂದ ವರ್ಷಕ್ಕೆ ಎಷ್ಟು ಓಡಿದೆ ಎಂದು ಕಳೆದು ಬರೆದುಕೊಳ್ಳಿ. ಉದಾಹರಣೆಗೆ 2016ರಲ್ಲಿ 14,000, 2017ರಲ್ಲಿ 29,500, 2018ರಲ್ಲಿ 46,000, 2019ರಲ್ಲಿ 61,000, ಆಮೇಲೆ 2021ರಲ್ಲಿ 63,500, 2022ರಲ್ಲಿ 66,000 ಎಂದಿದೆ ಅನ್ನಿ. ಎಲ್ಲೂ ಇಳಿದಿಲ್ಲ, ಹಾಗಾಗಿ ರಿಪೋರ್ಟ್ ಸಾಫ್ಟ್‌ವೇರ್ ಹಸಿರು ಟಿಕ್ ಕೊಟ್ಟಿರುತ್ತದೆ. ಆದರೆ ವರ್ಷಕ್ಕೆ ಹದಿನೈದು ಸಾವಿರ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಎರಡೂವರೆ ಸಾವಿರದೊಳಗೆ ಬಂದು ಕೂತದ್ದೇಕೆ? ಮಾಲೀಕರು ಬದಲಾಗಿರಬಹುದು, ಮನೆಗೆ ಇನ್ನೊಂದು ಕಾರು ಬಂದಿರಬಹುದು. ಅಥವಾ ತಪಾಸಣೆಗೆ ಒಯ್ಯುವ ಮುಂಚೆ ಪ್ರತಿ ಸಲವೂ ಮೀಟರ್ ತಿರುಗಿಸಿರಬಹುದು. ಈಗಿನ ಡಿಜಿಟಲ್ ಮೀಟರಿನಲ್ಲಿ ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ, ಕ್ಲಸ್ಟರಿನ (ಡ್ಯಾಶ್‌ಬೋರ್ಡಿನ ಮೀಟರ್ ಫಲಕದ) ಮೆಮೊರಿ ಚಿಪ್ಪಿನಲ್ಲಿ ಅಂಕಿ ಬದಲಿಸುವ ಉಪಕರಣ ಸಾಕು.

ಅಂಕಿ ಇಳಿದದ್ದೆಲ್ಲ ಮೋಸವೂ ಅಲ್ಲ. 84,000 ಆದಮೇಲೆ 8,400, ಅದರ ಮುಂದೆ 96,000 ಎಂದಿದ್ದರೆ ಯಾರೋ ಒಂದು ಸೊನ್ನೆ ನುಂಗಿದ್ದಾರೆ ಅಷ್ಟೇ. 84,000 ಆದಮೇಲೆ 39,000, ಆಮೇಲೆ 47,000, 55,000 ಎಂದು ಅಲ್ಲಿಂದಲೇ ಏರುತ್ತಾ ಹೋದರೆ ಅದು ತಿರುಗಿಸಿದ ಮೀಟರು, ಇಲ್ಲವೇ ಹೊಸ ಕ್ಲಸ್ಟರ್. ಕ್ಲಸ್ಟರ್ ಬದಲಿಸಿದ್ದೇವೆ ಎಂದರೆ ಹಳೆಯ ಅಂಕಿ ನಮೂದಾಗಿರುವ ಬಿಲ್ ತೋರಿಸಲೇಬೇಕು. ಆಮದಾದ ಕಾರಿನಲ್ಲಿ ಮೈಲಿ–ಕಿಲೋಮೀಟರ್ ಗೊಂದಲವೂ ಉಂಟು. ಒಂದು ಮೈಲಿ ಎಂದರೆ 1.609 ಕಿಲೋಮೀಟರ್. ಅಂಕಿ ಸರಿಯಾಗಿ ಆ ಪ್ರಮಾಣದಲ್ಲಿ ಕುಸಿದಿದ್ದರೆ ಯಾರೋ ಕಾಲಂ ತಪ್ಪಿಸಿದ್ದಾರೆ.

ಖಾಲಿ ಬಿಟ್ಟ ಅವಧಿಗಳು ಎರಡನೆಯ ಮುಖ್ಯ ಸಂಗತಿ. ಪ್ರತಿ ಆರೇಳು ತಿಂಗಳಿಗೊಂದು ದಾಖಲೆ ಇದ್ದ ಗಾಡಿಯ ಮೇಲೆ ಒಂದೂವರೆ ವರ್ಷ ಏನೂ ಇಲ್ಲ, ಆಮೇಲೆ ಬೆನ್ನುಬೆನ್ನಿಗೆ ಮಾಲೀಕರ ಬದಲಾವಣೆ, ಬೇರೆ ವಿಮಾ ಕಂಪನಿ, ಬೇರೆ ಪ್ರಾಂತ್ಯದ ನೋಂದಣಿ. ಟೋಟಲ್ ಲಾಸ್ ಎಂದು ಹರಾಜಾಗಿ, ಯಾರೋ ಕೊಂಡು, ಜೋಡಿಸಿ, ದೂರ ಒಯ್ದು ಮಾರಿದ ಗಾಡಿಯ ದಾಖಲೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಕಾಗದದ ಮೇಲಿನ ‘ಸಾಲ್ವೇಜ್’ (ಟೋಟಲ್ ಲಾಸ್ ಆದ ಗಾಡಿ) ಮುದ್ರೆ ಅಳಿಸಿಕೊಳ್ಳುವುದು ಹಳೆಯ ಚಾಳಿ.

ರಿಪೋರ್ಟಿಗೆ ನಾವು ಅಂಕ ಕಳೆದ ಇನ್ನೊಂದು ಕಾರಣ ತಡ. ಅಪಘಾತವಾದ ದಿನಕ್ಕೂ ಅದು ದತ್ತಾಂಶಕ್ಕೆ ಸೇರುವ ದಿನಕ್ಕೂ ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹೋಗುತ್ತವೆ. ಮಾರುವವರೇ ಪ್ರೀತಿಯಿಂದ ಕೊಡುವ ಪಿಡಿಎಫ್‌ನ ದಿನಾಂಕ ನೋಡಿ, ಅದನ್ನು ತಿದ್ದುವುದೂ ಕಷ್ಟದ ಕೆಲಸವಲ್ಲ. ನಿಮ್ಮದೇ ಖಾತೆಯಿಂದ, ಯಾವ ಗಾಡಿ ಎಂದು ಬಹುತೇಕ ತೀರ್ಮಾನವಾದ ಮೇಲೆ ತೆಗೆಸಿ. ಹತ್ತು ಗಾಡಿಗೆ ಹತ್ತು ರಿಪೋರ್ಟ್ ಕೊಳ್ಳುವುದು ಶುದ್ಧ ದಂಡ.

ಸಾಲದ ವಿಷಯಕ್ಕೆ ಒಂದೇ ಮಾತು. ಸಾಲ ತೀರಿದೆ ಎಂಬ ಬಾಯಿಮಾತು, ಕಡೆಯ ಕಂತಿನ ರಸೀದಿ ಎರಡೂ ಸಾಲದು. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು, ನೋಂದಣಿ ದಾಖಲೆಯಿಂದ ಅವರ ಹೆಸರೂ ಹೋಗಿರಬೇಕು. ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆದದ್ದು) ಇದೆಯೇ ಎಂದು ತಿಳಿಯಲು ದುಡ್ಡು ಕೊಡಬೇಡಿ, ಬಹುತೇಕ ಕಂಪನಿಗಳ ಜಾಲತಾಣದಲ್ಲೇ ಚಾಸಿ ನಂಬರ್ ಹಾಕಿ ನೋಡಬಹುದು. ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲಿಗೆ ಸೇರಿದ ಹಳೆಯ ಕಾರುಗಳಲ್ಲಂತೂ ಇದನ್ನು ಬಿಡುವಂತಿಲ್ಲ. ಬ್ಯಾಗ್ ಉಬ್ಬಿಸುವ ಅಮೋನಿಯಂ ನೈಟ್ರೇಟ್ ಶಾಖ, ತೇವಕ್ಕೆ ಸಿಕ್ಕಿ ಹಾಳಾಗಿ, ಬ್ಯಾಗ್ ಬಿಚ್ಚುವಾಗ ಅದರ ಲೋಹದ ಡಬ್ಬಿಯೇ ಸಿಡಿಯುತ್ತದೆ.

ಸ್ಕ್ಯಾನರ್: ಹತ್ತಕ್ಕೆ ಎಂಟು

ಕಾರಿನ ಕಂಪ್ಯೂಟರಿನಲ್ಲಿರುವುದನ್ನು ಓದುವ ಓಬಿಡಿ ಸ್ಕ್ಯಾನರನ್ನು ಜನ ಇಂಜಿನ್ ಲೈಟ್ ಹೊತ್ತಿದಾಗ ಬರುವ ದೋಷದ ಕೋಡ್ ಓದಲು ಮಾತ್ರ ಬಳಸುತ್ತಾರೆ. ಚರಿತ್ರೆ ಕೆದಕಲು ಅದಕ್ಕಿಂತ ಒಳ್ಳೆಯ ಉಪಕರಣ ಆ ಖರ್ಚಿನಲ್ಲಿ ಇನ್ನೊಂದಿಲ್ಲ. ಅಮೆರಿಕದಲ್ಲಿ 1996ರಿಂದ, ಯೂರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಅದನ್ನು ಸಿಕ್ಕಿಸುವ ಓಬಿಡಿ ವ್ಯವಸ್ಥೆ ಕಡ್ಡಾಯ. ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್‌ಗಳ ಸಾಕೆಟ್ ಇರುತ್ತದೆ. ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಕೀ ಆನ್ ಮಾಡಿ, ಇಂಜಿನ್ ಶುರು ಮಾಡದೆ ಫೋನಿನಲ್ಲಿ ಓದಿ.

ಕೋಡ್ ಏನೂ ಇಲ್ಲ ಎಂದು ಬಂದರೆ ಖುಷಿಪಡುವ ಮುಂಚೆ ‘ರೆಡಿನೆಸ್ ಮಾನಿಟರ್’ ಪುಟ ತೆರೆಯಿರಿ. ಕೋಡ್ ಅಳಿಸಿದ ಕೂಡಲೇ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಇಜಿಆರ್ ಮುಂತಾದ ಹೊಗೆ ನಿಯಂತ್ರಣ ಭಾಗಗಳ ಸ್ವಯಂಪರೀಕ್ಷೆಗಳೆಲ್ಲ ‘ಪೂರ್ಣವಾಗಿಲ್ಲ’ ಎಂಬ ಸ್ಥಿತಿಗೆ ಮರಳುತ್ತವೆ. ಜೊತೆಗೆ ಎರಡು ಲೆಕ್ಕಗಳನ್ನು ನೋಡಿ: ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಇಂಜಿನ್ ಪೂರ್ತಿ ಬಿಸಿಯಾಗಿದೆ. 12 ಕಿಲೋಮೀಟರ್, 2 ಸಲ ಎಂದಿದ್ದರೆ ನಿಮಗೆ ತೋರಿಸುವ ಹಿಂದಿನ ದಿನವೋ ಅಂದು ಬೆಳಗ್ಗೆಯೋ ಯಾರೋ ಅಳಿಸಿದ್ದಾರೆ. ಬ್ಯಾಟರಿ ಬದಲಿಸಿದೆವು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ನಿಜವೂ ಇರಬಹುದು, ಬ್ಯಾಟರಿ ಕಳಚಿದರೂ ಕೆಲವು ಕಾರುಗಳಲ್ಲಿ ಹೀಗಾಗುತ್ತದೆ. ಸರಿ, ನಾಲ್ಕು ದಿನ ಓಡಿಸಿ, ಮಾನಿಟರ್ ಎಲ್ಲ ಪೂರ್ಣವಾದ ಮೇಲೆ ಬರುತ್ತೇವೆ ಎನ್ನಿ. ಸುಮಾರು 2010ರಿಂದ ಈಚಿನ ಅನೇಕ ಕಾರುಗಳಲ್ಲಿ ‘ಪರ್ಮನೆಂಟ್’ ಕೋಡ್ ಎಂಬ ಇನ್ನೊಂದು ಪಟ್ಟಿ ಇದೆ. ಅದು ಸ್ಕ್ಯಾನರಿನಿಂದಲೂ ಹೋಗದು, ಬ್ಯಾಟರಿ ಕಳಚಿದರೂ ಹೋಗದು. ದೋಷ ವಾಸಿಯಾಗಿದೆ ಎಂದು ಕಂಪ್ಯೂಟರ್ ತಾನೇ ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಅಳಿಯುತ್ತದೆ.

ಕಿಲೋಮೀಟರಿನ ಆ ಲೆಕ್ಕಕ್ಕೆ ಇನ್ನೊಂದು ಉಪಯೋಗವಿದೆ. ಕೋಡ್ ಅಳಿಸಿದ ಮೇಲೆ ಓಡಿದ ದೂರ 58,000 ಎಂದು ಕಂಪ್ಯೂಟರ್ ಹೇಳುತ್ತಿದೆ, ಡ್ಯಾಶ್‌ಬೋರ್ಡ್ 41,000 ತೋರಿಸುತ್ತಿದೆ. ಮೀಟರ್ ತಿರುಗಿಸಿದವರಿಗೆ ಈ ಲೆಕ್ಕ ನೆನಪಿಗೇ ಬಂದಿಲ್ಲ ಎಂದಾಯಿತು. ಇದರ ಗರಿಷ್ಠ ಮಿತಿ 65,535, ಬಿಸಿಯಾದ ಸಲಗಳ ಮಿತಿ 255.

ಇಂಜಿನ್ ಎಷ್ಟು ಗಂಟೆ ಓಡಿದೆ ಎಂಬುದು ಕಂಪನಿಯ ಸ್ಕ್ಯಾನರಿನಲ್ಲಿ, ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನಲ್ಲೇ ಸಿಗುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 60,000 ಕಿಲೋಮೀಟರಿಗೆ 4,000 ಗಂಟೆ ಎಂದರೆ ಸರಾಸರಿ ವೇಗ 15. ಒಂದೋ ಗಾಡಿ ಬದುಕಿಡೀ ಟ್ರಾಫಿಕ್ಕಿನಲ್ಲಿ ನಿಂತು ಉರಿದಿದೆ, ಇಲ್ಲವೋ ಮೀಟರಿನಿಂದ ಅರ್ಧಕ್ಕರ್ಧ ಮಾಯವಾಗಿದೆ. ಎರಡರಲ್ಲಿ ಯಾವುದಾದರೂ ಇಂಜಿನ್ ಸವೆದಿರುವುದು ಖಚಿತ. ಕೆಲವು ಕಂಪನಿಗಳ ಕಾರುಗಳಲ್ಲಿ ಗೇರ್‌ಬಾಕ್ಸ್, ಎಬಿಎಸ್ ಘಟಕಗಳೂ ಕಿಲೋಮೀಟರ್ ನೆನಪಿಟ್ಟುಕೊಂಡಿರುತ್ತವೆ.

ಸ್ಕ್ಯಾನರಿಗೆ ಎರಡು ಅಂಕ ಕಡಿಮೆ ಯಾಕೆಂದರೆ, ಸಾಮಾನ್ಯ ಡಾಂಗಲ್ ಹೊಗೆಗೆ ಸಂಬಂಧಿಸಿದ ವಿಷಯಗಳನ್ನಷ್ಟೇ ಓದುತ್ತದೆ. ಏರ್‌ಬ್ಯಾಗ್, ಎಬಿಎಸ್ ಒಳಗೆ ಇಣುಕಲು ಆಯಾ ಕಂಪನಿಗೆ ಹೊಂದುವ ಉಪಕರಣ ಬೇಕು. ಇಎಲ್‌ಎಂ327 ಎಂಬ ಚಿಪ್ಪಿನ ಅಗ್ಗದ ನಕಲು ಇರುವ ಡಾಂಗಲ್‌ಗಳು ಕೆಲವು ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಪರದೆ ಖಾಲಿಯಿದ್ದರೆ ದೋಷವಿಲ್ಲ ಎಂದುಕೊಳ್ಳಬೇಡಿ. ಅದೇ ಡಾಂಗಲ್‌ನಲ್ಲಿ ಚಾಸಿ ನಂಬರ್ ಬರುತ್ತದೆಯೇ ಎಂದು ಮೊದಲು ನೋಡಿ. ಮೇಲೆ ಹೇಳಿದ ನಾಲ್ಕನೆಯ ಜಾಗ ಅದೇ.

ಏರ್‌ಬ್ಯಾಗ್ ದೀಪವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಕೀ ಆನ್ ಮಾಡಿದಾಗ ಹೊತ್ತಬೇಕು, ಕೆಲವು ಸೆಕೆಂಡಿಗೆ ತಾನಾಗಿ ಆರಬೇಕು. ಹೊತ್ತದೇ ಇದ್ದರೆ ಅದನ್ನು ಕಿತ್ತಿದ್ದಾರೆ, ಇಲ್ಲವೇ ಮುಚ್ಚಿದ್ದಾರೆ. ಇಂಜಿನ್ ಶುರುವಾದಾಗ ಆಯಿಲ್ ದೀಪದ ಜೊತೆಗೇ ಆರಿದರೆ ಎರಡಕ್ಕೂ ಒಂದೇ ವೈರ್ ಕಟ್ಟಿರುವ ಅನುಮಾನ. ಬ್ಯಾಗಿನ ಬದಲು, ಬ್ಯಾಗ್ ಇದೆಯೆಂದು ಕಂಪ್ಯೂಟರನ್ನು ನಂಬಿಸುವ ರೆಸಿಸ್ಟರ್ ಹಾಕಿದ್ದರೆ ಮಾತ್ರ ದೀಪ ಸುಳ್ಳು ಹೇಳುತ್ತದೆ. ಆಗ ಸ್ಟೀರಿಂಗ್ ಮುಚ್ಚಳದ ಬಣ್ಣ, ಡ್ಯಾಶ್‌ಬೋರ್ಡಿನ ಜೋಡಣೆ, ಸೀಟ್ ಬೆಲ್ಟಿನ ಲೇಬಲ್ ಮೇಲಿನ ತಯಾರಿಕೆ ದಿನಾಂಕ ನೋಡಿ. 2015ರ ಕಾರಿನಲ್ಲಿ ಮುಂದಿನ ಎರಡೂ ಬೆಲ್ಟ್ 2019ರವಾದರೆ ಏರ್‌ಬ್ಯಾಗ್ ಬಿಚ್ಚಿತ್ತೇ ಎಂದು ನೇರವಾಗಿ ಕೇಳಿ.

ಪೇಂಟ್ ಮೀಟರ್: ಹತ್ತಕ್ಕೆ ಏಳು

ಬಣ್ಣದ ದಪ್ಪವನ್ನು ಮೈಕ್ರಾನ್‌ಗಳಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಳೆಯುವ ಉಪಕರಣ ಇದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150ರೊಳಗೆ. ಜೊತೆಗೆ ಕೊಟ್ಟಿರುವ ಲೋಹದ ಬಿಲ್ಲೆಯ ಮೇಲೆ ಮೊದಲು ಸೊನ್ನೆಗೆ ಹೊಂದಿಸಿ. ಆಮೇಲೆ ಟಾಪ್‌ನಿಂದ ಶುರು ಮಾಡಿ, ಅಲ್ಲಿ ಪೆಟ್ಟು ಬೀಳುವುದು ಅಪರೂಪ, ಆದ್ದರಿಂದ ಆ ಅಂಕಿಯೇ ನಿಮ್ಮ ಅಳತೆಗೋಲು. ಪ್ರತಿ ಭಾಗದಲ್ಲೂ ನಾಲ್ಕೈದು ಕಡೆ ಒತ್ತಿ ನೋಡಿ. 200–300 ಬಂದರೆ ಮೇಲೊಂದು ಸಲ ಬಣ್ಣ ಹೊಡೆದಿದ್ದಾರೆ, 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ, 1,000 ದಾಟಿದರೆ ತಗಡು ನಜ್ಜುಗುಜ್ಜಾಗಿತ್ತು. 70ಕ್ಕಿಂತ ಕಡಿಮೆ ಬಂದರೂ ಒಳ್ಳೆಯದಲ್ಲ, ಪಾಲಿಶ್ ಹೊಡೆದು ಹೊಡೆದು ಕ್ಲಿಯರ್ ಕೋಟ್ ಎಂಬ ಮೇಲಿನ ಪಾರದರ್ಶಕ ಪದರ ಸವೆಸಿದ್ದಾರೆ.

ಒಂದು ಬಾಗಿಲು 250 ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ಯಾರಾದರೂ ಉಜ್ಜಿಕೊಂಡು ಹೋಗಿರುತ್ತಾರೆ. ಬಾನೆಟ್, ಎರಡೂ ಫೆಂಡರ್ ಮೂರೂ ದಪ್ಪವಾಗಿದ್ದರೆ ಬಾನೆಟ್ ಎತ್ತಿ ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿ ನೋಡಿ. ಫೆಂಡರ್ ಬೋಲ್ಟಿನ ತಲೆಯ ಬಣ್ಣ ಒಡೆದಿದ್ದರೆ ಸ್ಪ್ಯಾನರ್ ಬಿದ್ದಿದೆ. ಬಾಗಿಲು ತೆರೆದು ಒಳಗಿನ ಕಂಬದ ಮೇಲೆ ಮೀಟರ್ ಇಟ್ಟಾಗ ಟಾಪ್‌ನ ಎರಡರಷ್ಟು ಬಂದರೆ ವ್ಯಾಪಾರ ನಿಲ್ಲಿಸಿ, ಗೀರು ಮುಚ್ಚಲೆಂದು ಯಾರೂ ಕಂಬಕ್ಕೆ ಬಣ್ಣ ಹೊಡೆಯುವುದಿಲ್ಲ. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಮೀಟರ್ ಕೆಲಸ ಮಾಡದು. ಕಬ್ಬಿಣಕ್ಕೆ ಮಾತ್ರ ಇರುವ ಅಗ್ಗದ ಮಾಡೆಲ್ ಅಲ್ಯೂಮಿನಿಯಂ ಬಾನೆಟ್ಟನ್ನೂ ಓದದು, ಎರಡೂ ಲೋಹಕ್ಕೆ ಒಗ್ಗುವುದನ್ನೇ ಕೊಳ್ಳಿ.

ನೀರಿನಲ್ಲಿ ಮುಳುಗಿದ ಗಾಡಿಗೆ ರಿಪೋರ್ಟು, ಸ್ಕ್ಯಾನರು, ಪೇಂಟ್ ಮೀಟರು ಮೂರೂ ಹೆಚ್ಚಿನ ಸಲ ಮೂಕ. ಇಲ್ಲಿ ಟಾರ್ಚೇ ಗತಿ. ಸೀಟ್ ಬೆಲ್ಟನ್ನು ಕಡೆಯವರೆಗೂ ಎಳೆದು ಅಲ್ಲೇ ಹಿಡಿಯಿರಿ, ಎಂದೂ ಹೊರಗೆ ಬಾರದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟ್ ತೊಳೆಯುವವರಿಗೆ ಬೆಲ್ಟಿನ ಸುರುಳಿ ಬಿಚ್ಚುವಷ್ಟು ವ್ಯವಧಾನ ಇರುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯ ತಳ ನೋಡಿ. ಸೀಟಿನ ಹಳಿಗಳ ಬೋಲ್ಟಿಗೆ ತುಕ್ಕು, ಸೀಟಿನ ಅಡಿಯ ವೈರ್ ಕನೆಕ್ಟರ್ ಒಳಗೆ ಹಸಿರು ಪುಡಿ, ಫ್ಯೂಸ್ ಬಾಕ್ಸಿನ ಮೂಲೆಯಲ್ಲಿ ನಯವಾದ ಮಣ್ಣು ಇದ್ದರೆ ಸಂಶಯವೇ ಬೇಡ. ಇಂಥ ಗಾಡಿ ಕೊಂಡ ದಿನ ಚೆನ್ನಾಗಿಯೇ ಓಡುತ್ತದೆ. ಕನೆಕ್ಟರಿನ ತಾಮ್ರ ಕಿಲುಬು ಹಿಡಿದು ನಿಧಾನಕ್ಕೆ ಸವೆಯುತ್ತಾ ಹೋಗಿ ಆರೆಂಟು ತಿಂಗಳಿಗೆ ಒಂದಾದ ಮೇಲೊಂದು ದೋಷ ಶುರುವಾಗುತ್ತದೆ. ಆ ದೋಷ ಇಂದು ಇಲ್ಲಿ, ನಾಳೆ ಅಲ್ಲಿ. ಎಷ್ಟು ಹುಡುಕಿದರೂ ಕೈಗೆ ಸಿಗುವುದಿಲ್ಲ.

ಸರ್ವಿಸ್ ಪುಸ್ತಕಕ್ಕೆ ಹೆಚ್ಚು ಮರ್ಯಾದೆ ಬೇಡ. ಐದು ವರ್ಷದ ಎಂಟ್ರಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿದ್ದರೆ ಗೊತ್ತಾಗಿಬಿಡುತ್ತದೆ. ಬಿಲ್ಲುಗಳು ಬೇಕು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಇಳಿಸಿ. ಟೈರಿನ ಪಕ್ಕದ ಡಿಒಟಿ ಸಾಲಿನ ಕಡೆಯ ನಾಲ್ಕು ಅಂಕಿ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. 20,000 ಓಡಿದೆ ಎನ್ನುವ ಕಾರಿನಲ್ಲಿ ನಾಲ್ಕೂ ಟೈರ್ ಗಾಡಿಗಿಂತ ಎರಡು ವರ್ಷ ಈಚಿನವಾದರೆ ಮೊದಲ ಜೊತೆ ಅಷ್ಟು ಬೇಗ ಸವೆದದ್ದು ಹೇಗೆ ಎಂದು ಕೇಳಬೇಕಾಗುತ್ತದೆ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದವರಿಗೆ ಕೊಳ್ಳುವ ಮುಂಚಿನ ತಪಾಸಣೆ ಸೇವೆಗಳಿವೆ. ‘200 ಅಂಶಗಳ ಪರೀಕ್ಷೆ’ ಎಂಬ ಜಾಹೀರಾತಿಗೆ ಬೆಲೆ ಕೊಡಬೇಡಿ. ಹಾರ್ನ್ ಒಂದು ಅಂಶ, ವೈಪರ್ ಒಂದು, ಕಾಲೊರಸು ಇನ್ನೊಂದು ಎಂದು ಎಣಿಸಿದರೆ 200 ಆಗುವುದು ಕಷ್ಟವೇನಲ್ಲ. ಮಾರುವ ಕಂಪನಿಯೇ ಮಾಡಿ ಕೊಡುವ ಪ್ರಮಾಣಪತ್ರಕ್ಕೆ ನಮ್ಮಲ್ಲಿ ಹತ್ತಕ್ಕೆ ಮೂರು, ನೀವೇ ದುಡ್ಡು ಕೊಟ್ಟು ಕರೆತಂದ ಮೆಕ್ಯಾನಿಕ್ಕಿಗೆ ಎಂಟು. ಬುಕ್ ಮಾಡುವಾಗಲೇ ಮೂರು ಪ್ರಶ್ನೆ ಕೇಳಿ: ಗಾಡಿಯನ್ನು ಲಿಫ್ಟಿನ ಮೇಲೆ ಎತ್ತುತ್ತೀರಾ, ಎಲ್ಲ ಘಟಕಗಳ ಸ್ಕ್ಯಾನ್ ಫೈಲನ್ನು ಹಾಗೇ ಕಳಿಸುತ್ತೀರಾ, ಪ್ರತಿ ಭಾಗದ ಮೈಕ್ರಾನ್ ಅಂಕಿ ಬರೆದು ಕೊಡುತ್ತೀರಾ? ‘ರಿಪೋರ್ಟಿನಲ್ಲಿ ಒಟ್ಟು ರೇಟಿಂಗ್ ಇರುತ್ತೆ ಸರ್’ ಎಂದು ಜಾರಿಕೊಂಡರೆ ಬೇರೆಯವರನ್ನು ನೋಡಿ.